ನ್ಯೂಟ್ರಿನೊ ಬೆಳಕನ್ನು ಹಿಂದಿಕ್ಕಿತೇ?

ಮುಂಬಯಿಯ ಅಂಧೇರಿ ಸ್ಟೇಷನ್ನಿನಲ್ಲಿ ನಿಂತ ಲೋಕಲ್ ರೈಲು ನೋಡಿ. ಅದರ ಒಂದು ಡಬ್ಬಿಗಿಂತ ತುಸು ಕಡಿಮೆ ಉದ್ದ, 18 ಮೀಟರ್. ಬೆಳಕಿಗೆ ಅದನ್ನು ದಾಟಲು 60 ನ್ಯಾನೊಸೆಕೆಂಡ್ ಸಾಕು. 2011ರ ಸೆಪ್ಟೆಂಬರಿನಲ್ಲಿ ಭೌತವಿಜ್ಞಾನವನ್ನೇ ಅಲುಗಾಡಿಸಿದ್ದು ಇಷ್ಟೇ ವ್ಯತ್ಯಾಸ!

ಜಿನೀವಾದ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಿಂದ ಹೊರಟ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ನೆಲದೊಳಗೇ 730 ಕಿ.ಮೀ. ಸಾಗಿ, ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯವನ್ನು ಬೆಳಕಿಗಿಂತ ಅಷ್ಟು ಮೊದಲೇ ತಲುಪಿವೆ ಎಂದಿತು ಅಲ್ಲಿನ ಒಪೆರಾ ಪ್ರಯೋಗದ ತಂಡ. ತಿಂಗಳುಗಟ್ಟಲೆ ತಪ್ಪು ಹುಡುಕಿ, ಸಿಗದಿದ್ದಾಗ 'ನೀವೂ ಪರೀಕ್ಷಿಸಿ' ಎಂದು ಜಗತ್ತಿನ ಮುಂದಿಟ್ಟಿತು. ಆ ಪ್ರಾಮಾಣಿಕತೆ ದೊಡ್ಡದು.

ಕೊನೆಗೆ ಸಿಕ್ಕಿದ್ದು ಸರಿಯಾಗಿ ಕೂರದ ಒಂದು ಫೈಬರ್ ಆಪ್ಟಿಕ್ ಕೇಬಲ್! ಸಮಯ ಹೇಳುವ ಜಿಪಿಎಸ್ ಸಂಕೇತ ಅಲ್ಲಿ ತಡವಾಗಿ, ನ್ಯೂಟ್ರಿನೊ ಬೇಗ ಬಂದಂತೆ ತೋರುತ್ತಿತ್ತು. 2012ರ ಮರು ಅಳತೆಯಲ್ಲಿ, ಬೆಳಕಿಗಿಂತ ವೇಗವಾದದ್ದಿಲ್ಲ ಎಂಬ ಐನ್‌ಸ್ಟೈನ್ ಮಾತೇ ನಿಂತಿತು.

ಅಂದಹಾಗೆ, ನ್ಯೂಟ್ರಿನೊ ನಮಗೆ ಹೊಸದಲ್ಲ. ಇದೇ ಮುಂಬಯಿಯ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಿದೇಶಿ ಸಂಗಡಿಗರ ಜೊತೆ, ಕೋಲಾರದ ಚಿನ್ನದ ಗಣಿಯಾಳದಲ್ಲಿ 1965ರಲ್ಲೇ ವಾತಾವರಣದ ನ್ಯೂಟ್ರಿನೊಗಳನ್ನು ಪತ್ತೆಹಚ್ಚಿದ್ದರು.