ಬ್ರೇಕಿನ ಎರಡು ಗೂಟ

ಹೊಸ ಬಿಎಂಎಕ್ಸ್ ಸೈಕಲ್ಲಿನ ಫ್ರೇಮನ್ನು ಕೈಗೆತ್ತಿಕೊಂಡವರು ಬಣ್ಣ ನೋಡುವ ಮೊದಲು ಅದರ ಬೆನ್ನು ತಡವಬೇಕು. ಸೀಟಿನ ಬುಡದಿಂದ ಹಿಂಚಕ್ರದತ್ತ ಇಳಿಯುವ ಎರಡು ತೆಳು ಕೊಳವೆಗಳ ಮೇಲೆ ಒಂದೊಂದು ಪುಟ್ಟ ಗೂಟ ಕೈಗೆ ಸಿಕ್ಕರೆ ಹಿಂಬ್ರೇಕು ಕೂರಿಸಬಹುದು. ಸಿಗದಿದ್ದರೆ ಆಮೇಲೆ ಮನಸ್ಸು ಬದಲಾದಾಗ ವೆಲ್ಡಿಂಗಿನವನ ಬಾಗಿಲು ತಟ್ಟಬೇಕಾದೀತು.

ಬ್ರೇಕಿಲ್ಲದ ಸೈಕಲ್ ಮಾರುವುದೆಂದರೇನು? ಉತ್ತರಕ್ಕೆ ತುಸು ಹಿಂದೆ ಹೋಗಬೇಕು. 1970ರ ಆಸುಪಾಸಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಶ್ವಿನ್ ಸ್ಟಿಂಗ್-ರೇಯಂಥ 20 ಇಂಚು ಚಕ್ರದ ಸೈಕಲ್‌ಗಳನ್ನು ಮಣ್ಣಿನ ದಿಬ್ಬಗಳ ಮೇಲೆ ಹಾರಿಸಿ, ಮೋಟೋಕ್ರಾಸ್ ಬೈಕಿನವರನ್ನು ಅನುಕರಿಸುತ್ತಿದ್ದರು. ಬಿಎಂಎಕ್ಸ್ ಎಂಬ ಆ ಆಟ ಮುಂದೆ ಎರಡು ಕವಲಾಯಿತು. ಒಂದು ರೇಸು, 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಸೇರಿದ್ದು. ಅದರಲ್ಲಿ ಹಿಂಬ್ರೇಕು ಕಡ್ಡಾಯ. ಇನ್ನೊಂದು ಫ್ರೀಸ್ಟೈಲ್, ಅಂದರೆ ಕಸರತ್ತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ಗೆ ಬಂದದ್ದು ಇದು. ಬ್ರೇಕಿನ ಜಗಳವೆಲ್ಲ ಇಲ್ಲೇ.

ಗಾಳಿಯಲ್ಲಿರುವಾಗ ಹ್ಯಾಂಡಲ್ಲನ್ನು ಪೂರ್ತಿ ಒಂದು ಸುತ್ತು ತಿರುಗಿಸುವ ಕಸರತ್ತಿದೆ. ಸಾಮಾನ್ಯ ಬ್ರೇಕ್ ವೈರು ಇದ್ದರೆ ಅದು ಹಗ್ಗದಂತೆ ಸುತ್ತಿಕೊಂಡು ಹ್ಯಾಂಡಲ್ಲನ್ನು ಅರ್ಧದಲ್ಲೇ ತಡೆಯುತ್ತದೆ. 1980ರ ದಶಕದಲ್ಲಿ ಇದಕ್ಕೆ ಗೈರೋ ಎಂಬ ಚಂದದ ಉಪಾಯ ಬಂತು. ಹ್ಯಾಂಡಲ್ಲಿನ ಬುಡದಲ್ಲಿ, ನಡುವೆ ಬೇರಿಂಗು ಇಟ್ಟ ಎರಡು ಬಳೆಗಳು. ಮೇಲಿನದು ಹ್ಯಾಂಡಲ್ಲಿನ ಜೊತೆ ಗಿರಕಿ ಹೊಡೆಯುತ್ತದೆ, ಕೆಳಗಿನದು ಫ್ರೇಮಿನ ಜೊತೆ ಸುಮ್ಮನಿರುತ್ತದೆ. ಲಿವರ್ ಹಿಡಿದಾಗ ಮಾತ್ರ ಎರಡೂ ಒಟ್ಟಿಗೆ ಮೇಲೇಳುತ್ತವೆ, ಕೆಳಗಿನ ವೈರು ಎಳೆಯಲ್ಪಡುತ್ತದೆ. ಆದರೆ ವೈರುಗಳು ಹೆಚ್ಚಿದಷ್ಟೂ ಸಡಿಲ ಹೆಚ್ಚು, ಹೊಂದಿಸುವ ತಾಪತ್ರಯವೂ ಹೆಚ್ಚು. ಬಹಳ ಸವಾರರು ಬೇಸತ್ತು ಬ್ರೇಕನ್ನೇ ಕಿತ್ತೆಸೆದರು.

ಕಿತ್ತವರು ನಿಲ್ಲುವುದು ಹೇಗೆ? ಶೂ ಅಟ್ಟೆಯನ್ನು ಹಿಂಟೈರಿಗೆ ಒತ್ತಿ. ಬಾಡಿಗೆ ಸೈಕಲ್ಲಿನಲ್ಲಿ ಹವಾಯಿ ಚಪ್ಪಲಿ ಸವೆಸಿದವರಿಗೆ ಇದರಲ್ಲಿ ಹೊಸತೇನಿಲ್ಲ.

ಹಿಂಬ್ರೇಕಿಗೂ ಮಿತಿಯಿದೆ, ಒಪ್ಪೋಣ. ಬ್ರೇಕು ಹಿಡಿದೊಡನೆ ಭಾರ ಮುಂಚಕ್ರಕ್ಕೆ ಜಾರುತ್ತದೆ, ಹಿಂಟೈರಿನ ಹಿಡಿತ ಕುಗ್ಗುತ್ತದೆ. ಇಷ್ಟು ಗಿಡ್ಡ ಸೈಕಲ್ಲಿನ ಮೇಲೆ ಎದ್ದು ನಿಂತವನಿಗೆ ಸಿಗುವ ತಡೆ, ನನ್ನ ಅಂದಾಜು ಲೆಕ್ಕದಲ್ಲಿ, ಗುರುತ್ವದ ಕಾಲುಭಾಗದಷ್ಟು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿದ್ದರೆ ನಿಲ್ಲಲು ಸುಮಾರು 6 ಮೀಟರ್ ಬೇಕು. ಆದರೂ ಕಸರತ್ತಿನವನಿಗೆ ಬ್ರೇಕು ಇರುವುದು ನಿಲ್ಲುವುದಕ್ಕಷ್ಟೇ ಅಲ್ಲ. ರ‍್ಯಾಂಪಿನ ತುದಿಯ ಕಬ್ಬಿಣದ ಪೈಪಿನ ಮೇಲೆ ಹಿಂಚಕ್ರ ಇಳಿಸಿ, ಉರುಳದಂತೆ ಹಿಡಿದು, ಕ್ಷಣಕಾಲ ನಿಂತು ವಾಪಸು ಜಾರುವ ಆಟಕ್ಕೆ ಚಕ್ರ ಕಚ್ಚಿಕೊಂಡಿರಬೇಕು. ಬ್ರೇಕು ಬಿಚ್ಚಿದರೆ ಹ್ಯಾಂಡಲ್ಲು ಹಗುರಾಗುತ್ತದೆ, ಈ ಆಟಗಳು ಕೈತಪ್ಪುತ್ತವೆ ಅಥವಾ ತೀರಾ ಕಷ್ಟವಾಗುತ್ತವೆ.

ಫ್ರೇಮಿನ ಲೋಹದ ವಿಚಾರದಲ್ಲಿ ಇಷ್ಟು ಚರ್ಚೆ ಬೇಡ. ರೇಸಿನವರು ಹಗುರವಾದ ಅಲ್ಯುಮಿನಿಯಂ ಬಳಸಲಿ, ಕಸರತ್ತಿಗೆ 4130 ಕ್ರೋಮೋಲಿ ಉಕ್ಕೇ ಸರಿ. ಕಬ್ಬಿಣಕ್ಕೆ ಸುಮಾರು ನೂರಕ್ಕೆ ಒಂದರಷ್ಟು ಕ್ರೋಮಿಯಂ, ಅದಕ್ಕಿಂತ ಕಡಿಮೆ ಮಾಲಿಬ್ಡಿನಂ ಸೇರಿದ ಮಿಶ್ರಲೋಹವಿದು. ಒಂದು ಮಿತಿಯೊಳಗಿನ ಪೆಟ್ಟನ್ನು ಉಕ್ಕು ಎಷ್ಟು ಸಲ ಬೇಕಾದರೂ ತಾಳುತ್ತದೆ. ಅಲ್ಯುಮಿನಿಯಂ ಸಣ್ಣ ಪೆಟ್ಟುಗಳ ಲೆಕ್ಕವನ್ನೂ ಬರೆದಿಟ್ಟುಕೊಂಡು ಒಂದು ದಿನ ಬಿರುಕು ಬಿಡುತ್ತದೆ.

ಅಳತೆಯಲ್ಲಿ ಮೇಲಿನ ಕೊಳವೆ 20ರಿಂದ 21.5 ಇಂಚು. ಎತ್ತರದವರಿಗೆ ಉದ್ದದ್ದು. ಹಿಂಭಾಗ ಗಿಡ್ಡವಾದಷ್ಟೂ ಮುಂಚಕ್ರ ಎತ್ತುವುದು ಸಲೀಸು. ಬ್ರೇಕು ಬೇಕೆನ್ನುವವರು ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಚೈನು ಬಿಗಿಮಾಡಲು ಹಿಂಚಕ್ರವನ್ನು ಅದರ ಸೀಳಿನಲ್ಲಿ ಹಿಂದೆ ಮುಂದೆ ಸರಿಸುತ್ತೇವೆ. ಗೂಟ ಮಾತ್ರ ಇದ್ದಲ್ಲೇ ಇರುತ್ತದೆ. ಚಕ್ರ ತೀರಾ ಸರಿದರೆ ಬ್ರೇಕಿನ ರಬ್ಬರು ರಿಮ್ಮು ಬಿಟ್ಟು ಟೈರನ್ನೇ ಉಜ್ಜೀತು.

ನನ್ನ ಆಯ್ಕೆ ಬಿಚ್ಚಿಹಾಕುವ ಗೂಟದ ಫ್ರೇಮು. ಈಗ ಅನೇಕ ಫ್ರೇಮುಗಳಲ್ಲಿ ಗೂಟ, ವೈರಿನ ಕೊಂಡಿ, ಗೈರೋದ ತಟ್ಟೆ ಎಲ್ಲವೂ ಬೋಲ್ಟಿನ ಮೇಲೆ ಕೂರುತ್ತವೆ. ಬೇಡವೆನಿಸಿದ ದಿನ ಬಿಚ್ಚಿದರಾಯಿತು. ಆ ಪುಟ್ಟ ಬೋಲ್ಟುಗಳನ್ನು ಮಾತ್ರ ಹೆಸರು ಬರೆದ ಡಬ್ಬಿಯಲ್ಲಿ ಹಾಕಿಡಿ. ಅಡುಗೆಮನೆಯ ಸಾಸಿವೆ ಡಬ್ಬಿ ಆಗಬಹುದು, ಮನೆಯವರ ಒಪ್ಪಿಗೆಯಿದ್ದರೆ.