ಊರವರೇ ಉಳಿಸಿಕೊಂಡ ಹಳಿ

ಜಪಾನಿನ ಹೊನ್ಶು ದ್ವೀಪದ ಈಶಾನ್ಯ ಅಂಚಿನಲ್ಲಿ, ಇವಾಟೆ ಪ್ರಾಂತ್ಯದ ಕಡಲಗುಂಟ, ಓಫುನಾಟೊ ನಗರದ ಸಕಾರಿ ನಿಲ್ದಾಣದಿಂದ ಕುಜಿ ನಗರದವರೆಗೆ 163 ಕಿಲೋಮೀಟರ್ ಉದ್ದದ ಒಂಟಿ ಹಳಿಯೊಂದು ಸಾಗುತ್ತದೆ. ಹೆಸರು ರಿಯಾಸ್ ಲೈನ್. ನಡೆಸುವುದು ಸಾನ್ರಿಕು ರೈಲ್ವೆ ಎಂಬ ಪುಟ್ಟ ಕಂಪನಿ. ಇಲ್ಲಿ ವಿದ್ಯುತ್ ತಂತಿಯಿಲ್ಲ. ಒಂದೋ ಎರಡೋ ಬೋಗಿಯ ಡೀಸೆಲ್ ಗಾಡಿಗಳು ಸುರಂಗ ಹೊಕ್ಕು, ಹೊರಬಂದು, ಕ್ಷಣಕಾಲ ಕಡಲು ತೋರಿಸಿ ಮತ್ತೆ ಸುರಂಗ ಸೇರುತ್ತವೆ. ಬರೀ ಟಿಕೆಟ್ ಹಣದ ಲೆಕ್ಕ ಹಿಡಿದರೆ ಈ ಮಾರ್ಗ ಎಂದೋ ಮುಚ್ಚಬೇಕಿತ್ತು. ಒಮ್ಮೆ ಸರ್ಕಾರ ಕೈಬಿಟ್ಟಿತು, ಒಮ್ಮೆ ಸುನಾಮಿ ಕೊಚ್ಚಿತು, ಇನ್ನೊಮ್ಮೆ ಚಂಡಮಾರುತ ಕಿತ್ತಿತು. ಮೂರು ಬಾರಿಯೂ ಅದು ಉಳಿಯಿತು. ರೈಲಿನ ಮೇಲಿನ ಪ್ರೀತಿ ಇದಕ್ಕೆ ಕಾರಣವೆಂದು ಹೇಳುವುದು ಸುಲಭ. ನನಗೆ ಕಾಣುವ ಕಾರಣ ಬೇರೆ: ರೈಲು ನಿಂತರೆ ಯಾರಿಗೆ ನಷ್ಟವೋ ಅವರ ಕೈಯಲ್ಲೇ ಅದರ ಒಡೆತನವಿತ್ತು.

ಈ ತೀರದ ರಚನೆಯನ್ನು ತಿಳಿಯದೆ ಹಳಿಯ ಬೆಲೆ ತಿಳಿಯದು. ನದಿ ಕೊರೆದ ಕಣಿವೆಗಳಿಗೆ ಸಮುದ್ರ ನುಗ್ಗಿ, ಬೆರಳು ಬೆರಳಾಗಿ ಒಳಚಾಚಿದ ಕೊಲ್ಲಿಗಳು ಇಲ್ಲಿವೆ. ಸ್ಪೇನಿನ ವಾಯವ್ಯ ತೀರದಲ್ಲಿ ಇಂಥ ಕೊಲ್ಲಿಯನ್ನು ರಿಯಾ ಎನ್ನುತ್ತಾರೆ. ಮಾರ್ಗದ ಹೆಸರು ಬಂದದ್ದು ಅಲ್ಲಿಂದ. ಪ್ರತಿ ಕೊಲ್ಲಿಯ ತುದಿಗೊಂದು ಮೀನುಗಾರರ ಊರು, ಊರಿಗೂ ಊರಿಗೂ ನಡುವೆ ಕಡಿದಾದ ಗುಡ್ಡ. ಒಳಕ್ಕೆ ಬಂದಂತೆ ಕಿರಿದಾಗುವ ಈ ಕೊಲ್ಲಿಗಳಲ್ಲಿ ಸುನಾಮಿಯ ನೀರು ಹಿಗ್ಗಲು ಜಾಗವಿಲ್ಲದೆ ಎತ್ತರಕ್ಕೆ ಏರುತ್ತದೆ. 1896ರಲ್ಲಿ ಸುಮಾರು 22,000 ಜನ, 1933ರಲ್ಲಿ ಸುಮಾರು 3,000 ಜನ ಹೀಗೆ ಜೀವ ತೆತ್ತರು. ಈ ಊರುಗಳನ್ನು ಪೋಣಿಸುವ ರೈಲು ಬೇಕೆಂಬ ಬೇಡಿಕೆ ತಲೆಮಾರುಗಳಷ್ಟು ಹಳೆಯದು. ರಾಷ್ಟ್ರೀಯ ರೈಲ್ವೆ ಅದನ್ನು ತುಂಡುತುಂಡಾಗಿ ಕಟ್ಟುತ್ತ ಬಂತು. ಕೆಲಸ ಮುಗಿಯುವ ಮೊದಲೇ 1980ರ ಕಾನೂನು ಬಂತು: ಸರಾಸರಿ ದಿನಕ್ಕೆ 4,000 ಪ್ರಯಾಣಿಕರೂ ಇಲ್ಲದ ಸ್ಥಳೀಯ ಮಾರ್ಗಗಳನ್ನು ರಾಷ್ಟ್ರೀಯ ರೈಲ್ವೆ ಬಿಟ್ಟುಬಿಡಬೇಕು. ಆಗ ಇವಾಟೆ ಪ್ರಾಂತ್ಯ, ಹಾದಿಯ ಊರುಗಳ ಆಡಳಿತ ಮತ್ತು ಖಾಸಗಿ ಸಂಸ್ಥೆಗಳು ಸೇರಿ 1981ರಲ್ಲಿ ಕಂಪನಿ ಮಾಡಿಕೊಂಡು, 1984ರ ಏಪ್ರಿಲ್ 1ರಂದು ರೈಲು ಓಡಿಸಿದವು. ಸರ್ಕಾರ ಬಿಟ್ಟ ಮಾರ್ಗವನ್ನು ಸ್ಥಳೀಯರು ಹೀಗೆ ವಹಿಸಿಕೊಂಡದ್ದು ಜಪಾನಿನಲ್ಲಿ ಅದೇ ಮೊದಲು. ಗಾಡಿಗಳ ಮಾದರಿಗೆ 36 ಎಂದು ಹೆಸರಿಟ್ಟರು. ಜಪಾನಿ ಅಂಕಿಗಳನ್ನು ಎಳೆದು ಓದಿದರೆ ಅದು ಸಾನ್ರಿಕು ಎಂದೇ ಕೇಳಿಸುತ್ತದೆ. ಮೊದಲ ಹತ್ತು ವರ್ಷ ಕಂಪನಿ ಲಾಭದಲ್ಲಿತ್ತು. ಆಮೇಲೆ ಊರುಗಳು ಬರಿದಾಗುತ್ತ, ಕಾರುಗಳು ಹೆಚ್ಚುತ್ತ ನಷ್ಟ ಶುರುವಾಯಿತು. ದಕ್ಷಿಣದ ಸಕಾರಿ–ಕಮಾಯಿಶಿ, ಉತ್ತರದ ಮಿಯಾಕೊ–ಕುಜಿ ತುಂಡುಗಳು ಮಾತ್ರ ಈ ಕಂಪನಿಯವು. ನಡುವಿನ 55 ಕಿಲೋಮೀಟರ್ ರಾಷ್ಟ್ರೀಯ ರೈಲ್ವೆಯಲ್ಲೇ ಉಳಿದು, 1987ರಲ್ಲಿ ಜೆಆರ್ ಈಸ್ಟ್ ಎಂಬ ದೊಡ್ಡ ಕಂಪನಿಯ ಪಾಲಾಯಿತು. ಮುಂದಿನ ಕತೆಗೆ ಈ ವಿಭಜನೆಯೇ ಪರೀಕ್ಷೆಯಾಯಿತು.

2011ರ ಮಾರ್ಚ್ 11ರ ಮಧ್ಯಾಹ್ನ 2.46ಕ್ಕೆ ಭೂಮಿ ನಡುಗಿದಾಗ ದಕ್ಷಿಣ ತುಂಡಿನ ಒಂದು ಗಾಡಿ ಕುವಾದಾಯಿ ಸುರಂಗದೊಳಗೆ ನಿಂತಿತು, ಒಳಗಿದ್ದವರು ಬದುಕುಳಿದರು. ಸುರಂಗ ಮತ್ತು ಎತ್ತರದ ನೆಲ ಹಿಡಿದು ಹಾಕಿದ್ದರಿಂದ, ಹಿಂದೆಯೇ ಬಂದ ಸುನಾಮಿಯಲ್ಲಿ ಹಳಿಯ ಬಹುಭಾಗವೂ ಉಳಿಯಿತು. ಆದರೂ 317 ಕಡೆ ಹಾನಿಯಾಗಿತ್ತು. ಶಿಮಾನೊಕೋಶಿ ನಿಲ್ದಾಣವಂತೂ ಅಲ್ಲಿನ ಮೇಲ್ಸೇತುವೆಯ ಸಮೇತ ಕೊಚ್ಚಿಹೋಗಿತ್ತು. ಕರೆಂಟಿಲ್ಲದ ಮಿಯಾಕೊದಲ್ಲಿ ಕಂಪನಿಯವರು ನಿಲ್ದಾಣದಲ್ಲಿ ನಿಂತಿದ್ದ ಡೀಸೆಲ್ ಬೋಗಿಯನ್ನೇ ಕಚೇರಿ ಮಾಡಿಕೊಂಡರು, ಅದರ ಎಂಜಿನ್ನಿನಿಂದ ಬೆಳಕೂ ಶಾಖವೂ ಸಿಗುತ್ತಿತ್ತು. ಐದನೆಯ ದಿನ, ಮಾರ್ಚ್ 16ರಂದು, ಕುಜಿಯಿಂದ ನೋಡಾವರೆಗೆ ರೈಲು ಓಡಿತು. 20ರಂದು ಮಿಯಾಕೊದಿಂದ ತಾರೊವರೆಗೆ. ಆ ತಿಂಗಳು ಮುಗಿಯುವವರೆಗೆ ಟಿಕೆಟ್ ಕೇಳಲಿಲ್ಲ. ರಸ್ತೆಗಳ ಮೇಲೆ ಅವಶೇಷ ಬಿದ್ದಿತ್ತು, ಕಾರುಗಳು ನೀರುಪಾಲಾಗಿದ್ದವು, ಉಳಿದ ಕಾರುಗಳಿಗೆ ಪೆಟ್ರೋಲ್ ಇರಲಿಲ್ಲ. ಜನ ಬಂಧುಗಳನ್ನು ಹುಡುಕಿಕೊಂಡು ಹೋಗಿದ್ದು ಈ ಗಾಡಿಗಳಲ್ಲಿ. ಲೆಕ್ಕ ನೋಡಿ ಕೂತಿದ್ದರೆ ಈ ನಿರ್ಧಾರಕ್ಕೆ ಅರ್ಥವೇ ಇರುತ್ತಿರಲಿಲ್ಲ. ನಿರ್ಧರಿಸಿದವರು ಅದೇ ತೀರದಲ್ಲಿದ್ದರು, ಹಾಗಾಗಿ ಅರ್ಥ ಅವರ ಕಣ್ಣ ಮುಂದೆಯೇ ಇತ್ತು.

ಸಾನ್ರಿಕುವಿನ ಎರಡೂ ತುಂಡುಗಳು 2014ರ ಏಪ್ರಿಲ್ 5 ಮತ್ತು 6ರಂದು ಪೂರ್ತಿಯಾಗಿ ತೆರೆದವು. ಶಿಮಾನೊಕೋಶಿಯಲ್ಲಿ ಮೇಲ್ಸೇತುವೆಯ ಬದಲು ಅಲೆಗೆ ಎದೆಯೊಡ್ಡುವ ಮಣ್ಣಿನ ಏರಿ ಕಟ್ಟಿದರು. ಕುವೈತ್ ಕೊಟ್ಟ ಕಚ್ಚಾತೈಲದ ಹಣದಿಂದ ಬಂದ ಹೊಸ ಬೋಗಿಗಳ ಮೇಲೆ ಅರಬ್ಬಿಯಲ್ಲಿ ಕೃತಜ್ಞತೆ ಬರೆಸಿದರು. ಇದೇ ಹೊತ್ತಿಗೆ ನಡುವಿನ 55 ಕಿಲೋಮೀಟರ್ ಏನಾಗಿತ್ತು? ಎಂಟು ವರ್ಷ ರೈಲೇ ಇರಲಿಲ್ಲ. ಹಳಿ ಕಿತ್ತು, ಆ ಜಾಗದಲ್ಲಿ ಬಸ್ಸಿಗೆಂದೇ ಮೀಸಲಾದ ರಸ್ತೆ ಮಾಡುವ ಸಲಹೆಯನ್ನು ಜೆಆರ್ ಈಸ್ಟ್ ಮುಂದಿಟ್ಟಿತು; ಊರುಗಳು ಒಪ್ಪಲಿಲ್ಲ. ಕೊನೆಗೆ ಹಳಿ ದುರಸ್ತಿ ಮಾಡಿ ಸಾನ್ರಿಕುವಿಗೆ ಒಪ್ಪಿಸುವುದೆಂದು ತೀರ್ಮಾನವಾಯಿತು. 2019ರ ಮಾರ್ಚ್ 23ರಂದು ಮೂರು ತುಂಡುಗಳೂ ಕೂಡಿ ರಿಯಾಸ್ ಲೈನ್ ಆಯಿತು. ಸಕಾರಿಯಿಂದ ದಕ್ಷಿಣಕ್ಕೆ, ಕೆಸೆನ್ನುಮಾದ ಕಡೆಗೆ, ಅದೇ ಬಸ್ ಸಲಹೆ ಜಾರಿಗೆ ಬಂತು. ಸಕಾರಿ ನಿಲ್ದಾಣದಲ್ಲಿ ಇವತ್ತು ಒಂದು ಬದಿಗೆ ಹಳಿ, ಇನ್ನೊಂದು ಬದಿಗೆ ಹಳಿಯ ಜಾಗದಲ್ಲೇ ಹಾಸಿದ ಬಸ್ ರಸ್ತೆ.

ಇಲ್ಲಿ ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಒಡೆತನ ಊರಿನದ್ದಾದರೂ ದುರಸ್ತಿಯ ಹಣ ಬಂದದ್ದು ಮುಖ್ಯವಾಗಿ ದೇಶದ ಬೊಕ್ಕಸದಿಂದ; ಸುಮಾರು 910 ಕೋಟಿ ಯೆನ್. ಪರರ ದುಡ್ಡಿನಲ್ಲಿ ಧೈರ್ಯ ತೋರುವುದು ಕಷ್ಟವಲ್ಲ ಎನ್ನಬಹುದು. ನಿಜ, ಜೆಆರ್ ಈಸ್ಟ್ ಲಾಭದ ಕಂಪನಿಯಾದ್ದರಿಂದ ಅಂದಿನ ನಿಯಮದಲ್ಲಿ ಅದಕ್ಕೆ ಅಂಥ ನೆರವು ಸಿಗುತ್ತಿರಲಿಲ್ಲ. ಆದರೆ ಐದನೆಯ ದಿನ ರೈಲು ಓಡಿಸಿದಾಗ ಸಾನ್ರಿಕುವಿನ ಕೈಯಲ್ಲಿ ಯಾವ ಭರವಸೆಯೂ ಇರಲಿಲ್ಲ. ನೆರವು ಬಂದದ್ದು ಆಮೇಲೆ, ಮತ್ತು ಓಡುತ್ತಿರುವ ರೈಲಿಗಾಗಿ ಕೇಳುವುದಕ್ಕೂ ನಿಂತ ರೈಲಿಗಾಗಿ ಕೇಳುವುದಕ್ಕೂ ವ್ಯತ್ಯಾಸ ಬಹಳ. ಬಸ್ಸಿನ ಪರವಾದ ವಾದವನ್ನು ನಾನು ತಳ್ಳಿಹಾಕಲಾರೆ. ಗುಡ್ಡದ ಮೇಲೆ ಹೊಸದಾಗಿ ಕಟ್ಟಿದ ಬಡಾವಣೆಗಳಿಗೆ ಬಸ್ ಹತ್ತಿ ಹೋಗಬಲ್ಲದು, ಹೆಚ್ಚು ಬಾರಿ ಓಡಬಲ್ಲದು. ಹಳಿ ಹಾಕಿದಲ್ಲೇ ಇರುತ್ತದೆ. ಕೆಸೆನ್ನುಮಾದ ಕಡೆ ಬಸ್ ಆರಿಸಿಕೊಂಡವರು ತಪ್ಪು ಮಾಡಿದರೆಂದು ಹೇಳಲು ನನಗೆ ಆಧಾರವಿಲ್ಲ. ಇವಾಟೆಯ ಊರುಗಳಿಗೆ ಬೇರೆ ಆಯ್ಕೆ ಸಾಧ್ಯವಾದದ್ದು, ಹಳಿ ನಡೆಸಲು ತಮ್ಮದೇ ಕಂಪನಿ ಪಕ್ಕದಲ್ಲೇ ಸಿದ್ಧವಿದ್ದುದರಿಂದ. ಇಲ್ಲದಿದ್ದರೆ ಬೇಡ ಎನ್ನುವುದಷ್ಟೇ ಅವರಿಗೆ ಉಳಿಯುತ್ತಿತ್ತು.

ನಷ್ಟ ಮಾತ್ರ ಇಂದಿಗೂ ನಷ್ಟವೇ. 2013ರಲ್ಲಿ ಜಪಾನಿನ ಸಾರ್ವಜನಿಕ ಟಿವಿ ವಾಹಿನಿ ಎನ್‌ಎಚ್‌ಕೆಯ ‘ಅಮಾ-ಚಾನ್’ ಧಾರಾವಾಹಿ ಕುಜಿಯನ್ನು ದೇಶಕ್ಕೆಲ್ಲ ಪರಿಚಯಿಸಿದಾಗ ಪ್ರವಾಸಿಗರು ಬಂದರು. ಚಳಿಗಾಲದಲ್ಲಿ ಬೋಗಿಯೊಳಗೇ ಹೊದಿಕೆ ಇಳಿಬಿಟ್ಟ ಬೆಚ್ಚನೆಯ ಕೊತಾತ್ಸು ಮೇಜಿನ ಸುತ್ತ ಕೂತು ಸಾಗುವ ಗಾಡಿಯೂ ಇದೆ. ಆದರೆ ಪ್ರವಾಸಿಗರು ದಿನನಿತ್ಯದವರಲ್ಲ. ಸೆಂಡೈಯಿಂದ ಹಚಿನೊಹೆವರೆಗಿನ 359 ಕಿಲೋಮೀಟರ್ ಹೆದ್ದಾರಿ 2021ರ ಡಿಸೆಂಬರಿನಲ್ಲಿ ಪೂರ್ಣಗೊಂಡಿತು, ಅದರ ಬಹುಭಾಗಕ್ಕೆ ಸುಂಕವೂ ಇಲ್ಲ. ಕಾರಿದ್ದವರು ಅತ್ತ ಹೋಗುತ್ತಾರೆ. ಉಳಿಯುವವರು ಕಾರು ಓಡಿಸಲಾರದ ಹೈಸ್ಕೂಲು ಮಕ್ಕಳು, ಆಸ್ಪತ್ರೆಗೆ ಹೋಗಬೇಕಾದ ಮುದುಕರು. ಅವರಿಗಾಗಿ ಎಷ್ಟು ನಷ್ಟ ಹೊರಬಹುದೆಂಬುದು ಗಣಿತವೊಂದೇ ಬಿಡಿಸುವ ಪ್ರಶ್ನೆಯಲ್ಲ, ಹೊರುವವರೇ ಉತ್ತರಿಸಬೇಕಾದದ್ದು. ಮೂರು ತುಂಡು ಒಂದಾಗಿ ಏಳು ತಿಂಗಳೂ ತುಂಬಿರಲಿಲ್ಲ, 2019ರ ಅಕ್ಟೋಬರಿನಲ್ಲಿ ಹಗಿಬಿಸ್ ಚಂಡಮಾರುತದ ಮಳೆ ಹಳಿಯಡಿಯ ಮಣ್ಣನ್ನು ಹಲವು ಕಡೆ ಕೊಚ್ಚಿತು. ಬಿಟ್ಟುಬಿಡಲು ಅದಕ್ಕಿಂತ ಒಳ್ಳೆಯ ನೆಪ ಸಿಗುತ್ತಿರಲಿಲ್ಲ. 2020ರ ಮಾರ್ಚ್ 20ರಂದು ಸಕಾರಿಯಿಂದ ಕುಜಿಯವರೆಗೆ ಮತ್ತೆ ರೈಲು ಓಡಿತು.