ಡಿಸ್ಕು ನೂರಕ್ಕೆ ನೂರು

ಬೆಂಗಳೂರಿನ ಎಸ್.ಪಿ. ರೋಡಿಗೆ ಬೆಳಿಗ್ಗೆ ಬೇಗ ಹೋದವರಿಗೆ ಅರ್ಧ ಎತ್ತಿದ ಷಟರು, ಊದುಬತ್ತಿಯ ಹೊಗೆ ಸಿಗುತ್ತದೆ, ವ್ಯಾಪಾರ ಸಿಗುವುದಿಲ್ಲ. ಹನ್ನೊಂದು ದಾಟಿತೋ, ರಸ್ತೆಯ ಅಗಲವೇ ಮಾಯ. ಮಾನಿಟರ್ ಡಬ್ಬಗಳನ್ನು ಆಳೆತ್ತರ ಪೇರಿಸಿಕೊಂಡ ಕೈಗಾಡಿ, ಅದರ ಬೆನ್ನಿಗೆ ಹಾರನ್ ಒತ್ತುತ್ತಲೇ ನಿಂತ ಆಟೊ, ಎರಡರ ಸಂದಿನಲ್ಲಿ ತೂರಿಕೊಳ್ಳುವ ಸ್ಕೂಟರು. ಅಂಗಡಿ ಬಾಗಿಲಲ್ಲಿ ಕೇಬಲ್ಲಿನ ಸುರುಳಿಗಳು ಹಾರದ ಹಾಗೆ ತೂಗುತ್ತವೆ. ಮಾರ್ವಾಡಿ ಸೇಠುಗಳ ಹಿಂದಿ, ಕೆಲಸದ ಹುಡುಗರ ಕನ್ನಡ, ಉರ್ದು, ತಮಿಳು ಎಲ್ಲ ಕಲಸಿದ ಒಂದು ಮಾತಿನಲ್ಲಿ ಇಲ್ಲಿ ಚೌಕಾಸಿ ನಡೆಯುತ್ತದೆ. “ಎಸ್ಎಸ್‌ಡಿ ಬೇಕಾ ಸಾರ್? ಲ್ಯಾಪ್‌ಟಾಪ್ ಸ್ಲೋ ಆಗಿದ್ಯಾ?” ಎಂದು ಬಾಗಿಲಲ್ಲಿ ನಿಂತ ಹುಡುಗ ದಾರಿಹೋಕರ ಹೆಗಲ ಮೇಲಿನ ಚೀಲ ನೋಡಿಯೇ ಕೇಳುತ್ತಾನೆ.

2023ರ ಜುಲೈ ತಿಂಗಳು. ಆಷಾಢ ಮುಗಿಯಿತು ಎನ್ನುವಷ್ಟರಲ್ಲಿ ಅಧಿಕ ಶ್ರಾವಣ ಬಂದು ಕೂತಿದೆ, ಊರಲ್ಲಿ ಲಗ್ನಗಳಿಲ್ಲ. ಲಗ್ನವಿಲ್ಲವೆಂದರೆ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳಿಗೆ ಉಸಿರಾಡಲು ಪುರುಸೊತ್ತು. ಆ ಪುರುಸೊತ್ತಿನಲ್ಲಿ ಅಲ್ಲಿಯ ಡಿಟಿಪಿ ಕೆಲಸದ ಹೆಂಗಸೊಬ್ಬರು ತಮ್ಮ ಸಿಪಿಯುವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಆಟೊದಲ್ಲಿ ಬಂದಿದ್ದಾರೆ. ರಿಪೇರಿ ಅಂಗಡಿ ಮೊದಲ ಮಹಡಿಯಲ್ಲಿ. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಇಳಿಯುವವರು ಮುಗಿಯುವ ತನಕ ಹತ್ತುವವರು ಕಾಯಬೇಕು.

ಮೇಲೆ ಒಂದು ಉದ್ದನೆಯ ಮೇಜು, ಅದರ ಮೇಲೆ ಹಸಿರು ರಬ್ಬರ್ ಹಾಸು. ಟಿಫನ್ ಡಬ್ಬಿಯ ಮುಚ್ಚಳದಲ್ಲಿ ಸ್ಕ್ರೂಗಳು. ಮುಚ್ಚಳದಡಿ ಒಂದು ಅಯಸ್ಕಾಂತ ಇರುವುದರಿಂದ ಮೇಜು ಅಲುಗಿದರೂ ಅವು ಅಲುಗುವುದಿಲ್ಲ. ಆ ಅಯಸ್ಕಾಂತವೂ ಯಾವುದೋ ಸತ್ತ ಹಾರ್ಡ್ ಡಿಸ್ಕಿನ ಹೊಟ್ಟೆಯಿಂದ ಕಿತ್ತದ್ದೇ. ಶಿಡ್ಲಘಟ್ಟದ ಕಡೆಯ ಹುಡುಗ ಸಿಪಿಯುವಿಗೆ ವೈರು ಸಿಕ್ಕಿಸಿ ಆನ್ ಮಾಡಿದ. ವಿಂಡೋಸ್ 10ರ ಚುಕ್ಕಿಗಳು ಸುತ್ತತೊಡಗಿದವು. ಸುತ್ತಿದವು, ಸುತ್ತಿದವು.

“ನಾನು ಆನ್ ಮಾಡ್ಬಿಟ್ಟು, ಅಂಗಡಿ ಕಸ ಗುಡಿಸಿ, ದೇವರಿಗೆ ಹೂ ಹಾಕಿ ಬರ್ತೀನಿ. ಆಮೇಲೆ ನುಡಿ ಓಪನ್ ಮಾಡ್ಬಿಟ್ಟು ಕಾಫಿಗೆ ಹೋಗ್ತೀನಿ,” ಎಂದರು ಅವರು. “ಏನಪ್ಪಾ, ಹೊಸ್ದೇ ತಗೋಬೇಕಾ?”

“ಯಾಕಕ್ಕ ಹೊಸದು? ಇಲ್ನೋಡಿ,” ಎಂದು ಹುಡುಗ ಟಾಸ್ಕ್ ಮ್ಯಾನೇಜರ್ ತೆರೆದು ಪರದೆಯನ್ನು ಅವರ ಕಡೆ ತಿರುಗಿಸಿದ. ಪ್ರೊಸೆಸರಿನ ಕೆಳಗೆ ನೂರಕ್ಕೆ ಆರೋ ಏಳೋ. ಡಿಸ್ಕಿನ ಕೆಳಗೆ ಬಣ್ಣ ಏರಿದ ಪಟ್ಟಿಯಲ್ಲಿ ನೂರಕ್ಕೆ ನೂರು. ಯಂತ್ರದ ಮಿದುಳು ಕೈಕಟ್ಟಿ ಕೂತಿದೆ, ಕಡತ ತರಲು ಹೋದವನು ವಾಪಸ್ ಬಂದಿಲ್ಲ.

ಅವನು ಯಾಕೆ ತಡಮಾಡುತ್ತಾನೆ ಎಂಬುದನ್ನು ಮೇಜಿನ ಮೂಲೆಯಲ್ಲೇ ಕಣ್ಣಾರೆ ನೋಡಬಹುದು. ಮುಚ್ಚಳ ತೆಗೆದ ಒಂದು ಡಿಸ್ಕು ಅಲ್ಲಿ ಬಿದ್ದಿದೆ. ಮುಖ ಕಾಣುವಷ್ಟು ನುಣುಪಾದ ಎರಡು ಬಿಲ್ಲೆಗಳು, ಅವುಗಳ ಮೇಲೆ ಚಾಚಿಕೊಂಡ ತೆಳ್ಳನೆಯ ಕೈ, ಕೈಯ ತುದಿಯಲ್ಲಿ ಎಳ್ಳುಕಾಳಿಗಿಂತ ಚಿಕ್ಕದಾದ ಹೆಡ್ಡು. ಬಿಲ್ಲೆಗೂ ಹೆಡ್ಡಿಗೂ ನಡುವಿನ ಸಂದಿನಲ್ಲಿ ಧೂಳಿನ ಕಣವೂ ಹಿಡಿಸದು. ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ಈ ಬಿಲ್ಲೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಕೇಳುವುದಕ್ಕೆ ವೇಗವೇ. ಆದರೆ ಬೇಕಾದ ಜಾಗಕ್ಕೆ ಕೈ ಸರಿಯಲು ಸುಮಾರು 9 ಮಿಲಿಸೆಕೆಂಡು, ಬೇಕಾದ ತುಣುಕು ಹೆಡ್ಡಿನಡಿಗೆ ತಿರುಗಿ ಬರಲು ಸರಾಸರಿ ಇನ್ನೂ 4 ಹೋಗುತ್ತದೆ. ಹೀಗೆ ಒಂದೊಂದಾಗಿ ಹುಡುಕಿ ತರುವುದಾದರೆ ಸೆಕೆಂಡಿಗೆ ಎಂಬತ್ತು ಸಲ ತಂದರೆ ಹೆಚ್ಚು. ವಿಂಡೋಸ್ ಏಳುವಾಗ ಕೇಳುವುದು ಎಲ್ಲೆಲ್ಲೋ ಚೆದುರಿದ ಸಾವಿರಾರು ಸಣ್ಣ ತುಣುಕುಗಳನ್ನು. ಅದರ ನಡುವೆ ಆಂಟಿವೈರಸ್ ಬಂದು ತನಗೂ ಒಂದಿಷ್ಟು ಕೊಡು ಎನ್ನುತ್ತದೆ, ಅಪ್‌ಡೇಟು ಇನ್ನಷ್ಟು ಕೇಳುತ್ತದೆ. ಕೈ ಆ ಕಡೆಗೂ ಈ ಕಡೆಗೂ ಓಡಾಡಿ ಕಟಕಟ ಎನ್ನುತ್ತದೆ. ಲ್ಯಾಪ್‌ಟಾಪುಗಳ ಡಿಸ್ಕು ಹೆಚ್ಚಾಗಿ 5,400 ಸುತ್ತಿನದು, ಅವುಗಳ ಪಾಡು ಇದಕ್ಕಿಂತ ಕಡೆ.

ಈ ತಿರುಗಾಟ ಶುರುವಾದದ್ದು 1956ರಲ್ಲಿ, ಐಬಿಎಂನ ರಾಮ್ಯಾಕ್ ಯಂತ್ರದೊಂದಿಗೆ. 24 ಇಂಚು ಅಗಲದ 50 ಬಿಲ್ಲೆಗಳು, ಸುಮಾರು ಒಂದು ಟನ್ ತೂಕ. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಈಗ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರ ಬಹುಪಾಲು ಜಾಗ ನುಂಗಬಹುದು. ಅಲ್ಲಿಂದೀಚೆಗೆ ಬಿಲ್ಲೆ ಅಂಗೈಗಿಂತ ಚಿಕ್ಕದಾಯಿತು, ಹಿಡಿಸುವುದು ಲಕ್ಷಾಂತರ ಪಟ್ಟು ಹೆಚ್ಚಿತು. ಬಿಲ್ಲೆ ತಿರುಗಬೇಕು, ಕೈ ಸರಿಯಬೇಕು ಎಂಬುದು ಮಾತ್ರ ಬದಲಾಗಲಿಲ್ಲ.

ಹುಡುಗ ಡ್ರಾಯರಿನಿಂದ ತೆಗೆದ ಎಸ್ಎಸ್‌ಡಿಯಲ್ಲಿ ತಿರುಗುವಂಥದ್ದು ಏನೂ ಇಲ್ಲ. ಅಂಗೈಯಗಲದ ಪ್ಲಾಸ್ಟಿಕ್ ಬಿಲ್ಲೆ, ತೂಕವೇ ಇಲ್ಲ. “ಒಳಗೆ ಏನಾದ್ರೂ ಇದ್ಯೇನಪ್ಪಾ?” ಎಂದು ಆ ಹೆಂಗಸು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಒಳಗಿರುವುದು ಒಂದು ಸಣ್ಣ ಸರ್ಕ್ಯೂಟ್ ಬೋರ್ಡು, ಅದರ ಮೇಲೆ ಎರಡೋ ನಾಲ್ಕೋ ಕಪ್ಪು ಚಿಪ್ಪು. ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಒಕ 1987ರಲ್ಲಿ ಜಗತ್ತಿಗೆ ತೋರಿಸಿದ ನ್ಯಾಂಡ್ ಫ್ಲ್ಯಾಶ್ ಅದು. ವಿದ್ಯುತ್ ಹೋದರೂ ಒಳಗೆ ಕೂಡಿಟ್ಟ ಎಲೆಕ್ಟ್ರಾನುಗಳು ಬಹುಕಾಲ ಅಲ್ಲೇ ಇರುತ್ತವೆ. ಯಾವ ಮೂಲೆಯ ತುಣುಕಾದರೂ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕೈಗೆ ಬರುತ್ತದೆ.

“ಎಷ್ಟು?”

“ಐನೂರು ಜಿಬಿ ಎರಡೂವರೆ ಸಾವಿರ. ಇನ್ನೂರೈವತ್ತಾರಾದ್ರೆ ಸಾವಿರದ ಮುನ್ನೂರಕ್ಕೆ ಕೊಡ್ತೀನಿ.”

ಈ ದರ ಕೇಳಿ ನನಗೇ ಆಶ್ಚರ್ಯವಾಯಿತು. 2008ರಲ್ಲಿ ಇಂಟೆಲ್ ತನ್ನ ಹೆಸರಾಂತ ಎಸ್ಎಸ್‌ಡಿಯನ್ನು ಮಾರುಕಟ್ಟೆಗೆ ತಂದಾಗ 80 ಜಿಬಿಗೆ ಸಗಟು ದರವೇ 595 ಡಾಲರು. ಅಂದಿನ ಲೆಕ್ಕದಲ್ಲಿ ಸುಮಾರು 26 ಸಾವಿರ ರೂಪಾಯಿ. 2013ರ ಸುಮಾರಿಗೆ ಇದೇ ರಸ್ತೆಯಲ್ಲಿ 120 ಜಿಬಿಗೆ ಆರೇಳು ಸಾವಿರ ಹೇಳುತ್ತಿದ್ದರು. ಕೊಳ್ಳುತ್ತಿದ್ದವರು ಗೇಮ್ ಆಡುವ ಹುಡುಗರು, ಐಟಿ ಕಂಪನಿಯವರು. ಆಗ ಸುಲ್ತಾನ್‌ಪೇಟೆಯಿಂದ ಯಾರೂ ಇದಕ್ಕಾಗಿ ಆಟೊ ಹತ್ತುತ್ತಿರಲಿಲ್ಲ.

ಅಗ್ಗವಾದದ್ದಕ್ಕೆ ಮುಖ್ಯ ಕಾರಣ ಚಿಪ್ಪು ಕಟ್ಟುವ ಬಗೆ ಬದಲಾದದ್ದು. ಸೈಟು ಸಿಗದ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟು ಎದ್ದ ಹಾಗೆ, ಮೆಮರಿ ಕೋಶಗಳನ್ನು ಪಕ್ಕಪಕ್ಕದಲ್ಲಿ ಹೂಡುವುದು ಬಿಟ್ಟು ಒಂದರ ಮೇಲೊಂದು ಅಂತಸ್ತು ಏರಿಸಿದರು. 2013ರಲ್ಲಿ ಸ್ಯಾಮ್‌ಸಂಗ್ 24 ಅಂತಸ್ತಿನಿಂದ ಶುರುಮಾಡಿತು. 2022ರಲ್ಲಿ ಮೈಕ್ರಾನ್ 232ಕ್ಕೆ ಮುಟ್ಟಿತು. ಒಂದೊಂದು ಕೋಶದಲ್ಲೂ ಮೊದಲು ಒಂದು ಬಿಟ್, ಆಮೇಲೆ ಎರಡು, ಮೂರು, ಈಗ ನಾಲ್ಕು. ಹೀಗೆ ತುರುಕಿದಷ್ಟೂ ಬರೆಯುವುದು ನಿಧಾನವಾಗುತ್ತದೆ, ಎಷ್ಟು ಸಲ ಬರೆಯಬಹುದೆಂಬ ಆಯಸ್ಸೂ ಕಡಿಮೆಯಾಗುತ್ತದೆ. ಅಗ್ಗದ ಮಾಲಿನ ಡಬ್ಬದ ಮೇಲೆ ಈ ಮಾತು ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ. ಆದರೂ ಲಗ್ನಪತ್ರಿಕೆ, ಬಿಲ್ ಪುಸ್ತಕದ ಕೆಲಸಕ್ಕೆ ಅದು ಧಾರಾಳ ಸಾಕು, ಚಿಂತೆ ಮಾಡಬೇಕಿಲ್ಲ ಎಂಬುದೇ ನನ್ನ ಅಭಿಪ್ರಾಯ.

ಇನ್ನೊಂದು ಕಾರಣ ಕೊರೊನಾ. ಮನೆಯಿಂದಲೇ ಕೆಲಸ, ಮನೆಯಲ್ಲೇ ಶಾಲೆ ಎಂದು 2020–21ರಲ್ಲಿ ಜನ ಮುಗಿಬಿದ್ದು ಲ್ಯಾಪ್‌ಟಾಪು ಕೊಂಡರು. ಕಾರ್ಖಾನೆಗಳು ಅದೇ ಹುರುಪಿನಲ್ಲಿ ಚಿಪ್ಪು ಸುರಿದವು. 2022ರಲ್ಲಿ ಕೊಳ್ಳುವವರು ಸರಿದುಕೊಂಡರು, ಗೋದಾಮು ತುಂಬಿತು. 2023ರ ಮೊದಲ ಮೂರು ತಿಂಗಳಲ್ಲಿ ಸ್ಯಾಮ್‌ಸಂಗಿನ ಚಿಪ್ಪು ವಿಭಾಗವೊಂದೇ ನಾಲ್ಕೂವರೆ ಲಕ್ಷ ಕೋಟಿ ವಾನ್‌ನಷ್ಟು ನಷ್ಟ ಕಂಡಿತು. ಆ ನಷ್ಟದ ಫಲ ಎಸ್.ಪಿ. ರೋಡಿನ ಮೊದಲ ಮಹಡಿಗೆ ಬಂದಾಗ 1 ಟಿಬಿಯ ಎನ್‌ವಿಎಂಇ ಎಸ್ಎಸ್‌ಡಿ ಕಡ್ಡಿ ನಾಲ್ಕು ಸಾವಿರದ ಆಸುಪಾಸಿಗೆ ಇಳಿದಿತ್ತು.

ಗಿರಾಕಿಗೆ ಹಬ್ಬ, ಕೆಳಗಡೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಸೇಠಿಗಲ್ಲ. ದಿನಾ ಬೆಳಿಗ್ಗೆ ಡಿಸ್ಟ್ರಿಬ್ಯೂಟರು ವಾಟ್ಸ್ಆ್ಯಪಿನಲ್ಲಿ ಅವತ್ತಿನ ದರಪಟ್ಟಿ ಕಳಿಸುತ್ತಾನೆ. “ಹೋದ ತಿಂಗಳ ಮಾಲು ಇದು. ಬೇರೆಯವರು ನಾಳೆ ಇದಕ್ಕಿಂತ ಕಮ್ಮಿಗೆ ಕೊಡ್ತಾರೆ. ನಾನು ಯಾರನ್ನ ಕೇಳ್ಲಿ?” ಎಂದು ಅವರು ಡಬ್ಬಗಳ ಸಾಲಿನತ್ತ ಕೈತೋರಿಸಿದರು. ಇಳಿಯುವ ದರದಲ್ಲಿ ಶೆಲ್ಫು ತುಂಬಿಟ್ಟುಕೊಂಡವನೇ ಪೆದ್ದ. ಏರುವ ದರದ ರುಚಿಯೂ ಅವರಿಗೆ ಗೊತ್ತು. 2011ರಲ್ಲಿ ಥಾಯ್ಲೆಂಡಿನ ಅಯುತ್ಥಯ ಸುತ್ತಮುತ್ತ ನೆರೆ ಬಂದು ವೆಸ್ಟರ್ನ್ ಡಿಜಿಟಲ್ ಕಾರ್ಖಾನೆಗೆ ನೀರು ನುಗ್ಗಿದಾಗ ಹಾರ್ಡ್ ಡಿಸ್ಕಿನ ದರ ಕೆಲವೇ ವಾರಗಳಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ಈ 2023ರ ಇಳಿತವೂ ಬಹಳ ದಿನ ನಿಲ್ಲಲಿಲ್ಲ. ಕಂಪನಿಗಳು ಉತ್ಪಾದನೆಗೆ ಕತ್ತರಿ ಹಾಕಿದವು, ವರ್ಷ ಮುಗಿಯುವ ಹೊತ್ತಿಗೆ ದರ ಮತ್ತೆ ಮೇಲೆ ನೋಡಿತು. 2025ರ ಕೊನೆಗೆ ಎಐ ಡೇಟಾ ಸೆಂಟರುಗಳು ಸಿಕ್ಕಿದ ಚಿಪ್ಪನ್ನೆಲ್ಲ ಬಾಚಿಕೊಳ್ಳತೊಡಗಿದಾಗ ಇನ್ನೂ ಮೇಲೇರಿತು.

ಮತ್ತೆ ಮೊದಲ ಮಹಡಿಯ ಮೇಜಿಗೆ ಬಂದರೆ, ಕ್ಲೋನಿಂಗ್ ಶುರುವಾಗಿದೆ. ಹಳೆಯದರಲ್ಲಿದ್ದದ್ದೆಲ್ಲ ಹಾಗೆಹಾಗೇ ಹೊಸದಕ್ಕೆ ಇಳಿಯಬೇಕು: ಅಕ್ಷರಶೈಲಿಗಳು, ಹದಿನೈದು ವರ್ಷದ ಗಣಪತಿ ಚಿತ್ರಗಳು, ಆಗಲೇ ಹಳತಾದ ಪೇಜ್‌ಮೇಕರು. ಹಸಿರು ಪಟ್ಟಿ ಇಂಚಿಂಚಾಗಿ ಸರಿಯುತ್ತದೆ. ಹೊಸದು ಎಷ್ಟೇ ಚುರುಕಾದರೂ ಹಳೆಯದು ಕೊಟ್ಟಷ್ಟನ್ನೇ ತಾನೇ ತೆಗೆದುಕೊಳ್ಳಬೇಕು.

ಅಷ್ಟರಲ್ಲಿ ಮಾಗಡಿ ಕಡೆಯ ಫೋಟೊಗ್ರಾಫರೊಬ್ಬರು ಬೆವರು ಒರೆಸುತ್ತ ಬಂದರು. ಎರಡು ಮದುವೆಯ ವಿಡಿಯೊ ಇದ್ದ ಡಿಸ್ಕು ಓಪನ್ ಆಗುತ್ತಿಲ್ಲ. ಹುಡುಗ ವೈರು ಸಿಕ್ಕಿಸಿ, ಡಿಸ್ಕನ್ನು ಕಿವಿಗೆ ಹಿಡಿದ. ಟಕ್. ಟಕ್. ಟಕ್. ತಕ್ಷಣ ವೈರು ಕಿತ್ತ. “ಹೆಡ್ಡು ಹೋಗಿದೆ ಸಾರ್. ಇನ್ನೊಂದ್ಸಲ ಆನ್ ಮಾಡಿದ್ರೆ ಬಿಲ್ಲೆನೂ ಗೀಚ್ಹೋಗತ್ತೆ. ಡೇಟಾ ರಿಕವರಿಯವರ ಹತ್ರಾನೇ ಹೋಗಿ.” ಎಷ್ಟು ದಿನದಿಂದ ಸದ್ದು ಬರುತ್ತಿತ್ತು ಎಂದು ಕೇಳಿದರೆ, ಯುಗಾದಿಯಿಂದ ಎಂದರು. ಹಾರ್ಡ್ ಡಿಸ್ಕು ಅನೇಕ ಸಲ ನರಳಿ ಸಾಯುತ್ತದೆ. ಕೇಳಿಸಿಕೊಳ್ಳುವವರಿಗೆ ನಕಲು ತೆಗೆದುಕೊಳ್ಳಲು ಸಮಯ ಕೊಡುತ್ತದೆ. ಎಸ್ಎಸ್‌ಡಿಗೆ ಆ ದಾಕ್ಷಿಣ್ಯವಿಲ್ಲ. ನಿನ್ನೆ ರಾತ್ರಿ ಇತ್ತು, ಬೆಳಿಗ್ಗೆ ಇಲ್ಲ.

ಅವರ ಹಿಂದೆಯೇ ಒಬ್ಬ ಕಾಲೇಜು ಹುಡುಗ. ಆನ್‌ಲೈನಿನಲ್ಲಿ ಸಾವಿರದ ಚಿಲ್ಲರೆಗೆ ತರಿಸಿದ 2 ಟಿಬಿ ಎಸ್ಎಸ್‌ಡಿಯಲ್ಲಿ ಹಾಕಿದ ಸಿನಿಮಾಗಳು ಅರ್ಧಕ್ಕೇ ನಿಲ್ಲುತ್ತವಂತೆ. ರಿಪೇರಿ ಹುಡುಗ ಏನೂ ಕೇಳದೆ ಪ್ಲಾಸ್ಟಿಕ್ ಕವಚದ ಸಂದಿಗೆ ಉಗುರು ಹಾಕಿ ಬಿಡಿಸಿದ. ಒಳಗೆ ಬೋರ್ಡಿನ ಚೂರು, ಅದಕ್ಕೆ ಸಿಕ್ಕಿಸಿದ ಒಂದು ಮೆಮರಿ ಕಾರ್ಡು, ತೂಕಕ್ಕೆಂದು ಅಂಟಿಸಿದ ಕಬ್ಬಿಣದ ತುಂಡು. 64 ಜಿಬಿ ಕಾರ್ಡಿಗೆ ‘ನಾನು 2 ಟಿಬಿ’ ಎಂದು ಸುಳ್ಳು ಹೇಳಲು ಕಲಿಸಿದ್ದಾರೆ. ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಗಾಳಿಗೆ. ಹುಡುಗನ ಮುಖ ನೋಡಲಾಗಲಿಲ್ಲ. ದರ ಇಳಿದಿದೆ ಎಂಬ ಸುದ್ದಿ ಹಬ್ಬಿದಾಗ ಇಂಥ ಮೋಸಕ್ಕೆ ಬೀಳುವುದೂ ಸುಲಭ, ಯಾವ ದರವನ್ನೂ ಜನ ನಂಬಿಬಿಡುತ್ತಾರೆ.

ಹಾಗಂತ ತಿರುಗುವ ಡಿಸ್ಕಿನ ಕಾಲ ಮುಗಿಯಿತು ಎನ್ನುವವರು ಒಮ್ಮೆ ಕೆಳಗಿಳಿದು ಎದುರಿನ ಸಿಸಿಟಿವಿ ಅಂಗಡಿ ನೋಡಬೇಕು. ಹಗಲೂ ರಾತ್ರಿ ಬರೆಯುತ್ತಲೇ ಇರುವ ಕ್ಯಾಮೆರಾಗಳಿಗೆ ಅಲ್ಲಿ 4 ಟಿಬಿ, 8 ಟಿಬಿಯ ಹಾರ್ಡ್ ಡಿಸ್ಕುಗಳೇ ಹೊರಡುತ್ತವೆ. ಟಿಬಿ ಲೆಕ್ಕದಲ್ಲಿ ಅವು ಎಸ್ಎಸ್‌ಡಿಗಿಂತ ಈಗಲೂ ಬಹಳ ಅಗ್ಗ, ಮತ್ತು ಕ್ಯಾಮೆರಾಕ್ಕೆ ಅವಸರವಿಲ್ಲ.

ಊಟದ ಹೊತ್ತು ದಾಟಿದ ಮೇಲೆ ಹಸಿರು ಪಟ್ಟಿ ಕೊನೆ ಮುಟ್ಟಿತು. ಹುಡುಗ ಹಳೆಯ ಡಿಸ್ಕು ಬಿಚ್ಚಿ, ಹೊಸದನ್ನು ಎರಡು ಸ್ಕ್ರೂ ಬಿಗಿದು ಕೂರಿಸಿ, ಗುಂಡಿ ಒತ್ತಿದ. ಡಿಟಿಪಿ ಅಕ್ಕ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸುವಷ್ಟರಲ್ಲಿ ಪರದೆಯ ಮೇಲೆ ಅವರ ಮೊಮ್ಮಗಳ ಫೋಟೊ ಬಂತು. ನುಡಿ ಕ್ಲಿಕ್ಕಿಸಿದರು, ತೆರೆಯಿತು. ಮುಚ್ಚಿದರು. ನಂಬಿಕೆ ಸಾಲದೆ ಇನ್ನೊಮ್ಮೆ ಕ್ಲಿಕ್ಕಿಸಿದರು.

“ಹಳೇದು ಇಲ್ಲೇ ಬಿಡ್ತೀರಾ ಅಕ್ಕ? ಸ್ಕ್ರ್ಯಾಪ್‌ಗೆ ಐವತ್ತು ಕೊಡ್ತೀನಿ.”

“ಅಯ್ಯೋ ಬೇಡ, ನಮ್ಮ ಪಾರ್ಟಿಗಳ ಮ್ಯಾಟರ್ ಎಲ್ಲ ಅದ್ರಲ್ಲೇ ಇದೆ.”

“ಹಂಗಾದ್ರೆ ಒಂದು ಕೇಸಿಂಗ್ ಹಾಕ್ಸಿ ಬೀರುನಲ್ಲಿ ಇಟ್ಬಿಡಿ. ಸುಮ್ನೆ ಇಡೋಕೆ ಎಸ್ಎಸ್‌ಡಿಗಿಂತ ಇದೇ ವಾಸಿ. ಅದು ಕರೆಂಟ್ ಇಲ್ದೆ ವರ್ಷಗಟ್ಟಲೆ ಬಿದ್ದಿದ್ರೆ ಮರ್ತೋಗತ್ತೆ. ಇದನ್ನ ಮೂರು ತಿಂಗಳಿಗೊಂದ್ಸಲ ಹಾಕಿ ಬ್ಯಾಕಪ್ ತಗೊಳ್ಳಿ.”

“ಕೇಸಿಂಗ್ ಎಷ್ಟು?”

“ಎಂಟ್ನೂರು. ಇದು ದೊಡ್ಡ ಡಿಸ್ಕು, ಅಡಾಪ್ಟರ್ ಸೇರಿ ಬರತ್ತೆ.”

“ಇಷ್ಟೆಲ್ಲ ಇಳಿದಿದೆ ಅಂತೀರ, ಡಬ್ಬಿಗೆ ಎಂಟ್ನೂರಾ? ಐನೂರು ಮಾಡ್ಕೋ, ಹಾಕು.”

ಅವನು ಕೆಳಗೆ ಬಗ್ಗಿ ಸೇಠನ್ನು ಕೂಗಿ ಕೇಳಿದ. ಆರುನೂರಕ್ಕೆ ಕುದುರಿತು.